ಪಿಯು ಮುಗಿಸಿ ಒಂದು ವರ್ಷ ನಿಲ್ಲುವ ಮೊದಲು: ಆ ವರ್ಷ ಯಾವ ಅಂಕವನ್ನು ಬದಲಿಸುತ್ತದೆ?

ಸೆಕೆಂಡ್ ಪಿಯು ಫಲಿತಾಂಶ ಬಂದು, ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯ ರ‍್ಯಾಂಕ್ ಬಂದು, ಜೂನ್ ನಡುವೆ ವೈದ್ಯಕೀಯದ ನೀಟ್ ಅಂಕವೂ ಬಂದ ಮೇಲೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಬೇರೆ ಮಾತೇ ಇರುವುದಿಲ್ಲ. ಸಿಕ್ಕಿದ್ದಕ್ಕೆ ಸೇರುವುದೋ, ಒಂದು ವರ್ಷ ಡ್ರಾಪ್ ತೆಗೆದುಕೊಂಡು ಮತ್ತೆ ಬರೆಯುವುದೋ? ಮಗ ಬರೆದೇ ಬರೆಯುತ್ತೇನೆ ಎನ್ನುತ್ತಾನೆ. ಅಪ್ಪ ಖರ್ಚಿನ ಲೆಕ್ಕ ಹಾಕುತ್ತಾರೆ. ಹುಬ್ಬಳ್ಳಿಯಲ್ಲಿರುವ ಚಿಕ್ಕಪ್ಪ ಫೋನ್ ಮಾಡಿ, ತಮಗೆ ಗೊತ್ತಿದ್ದವನೊಬ್ಬ ಹೀಗೇ ಕೂತು ಓದಿ ಡಾಕ್ಟರ್ ಆದ ಎಂದು ಹೇಳುತ್ತಾರೆ. ಪಕ್ಕದ ಮನೆಯವರು ಕೂತು ಕೆಟ್ಟವನ ಕಥೆ ಹೇಳುತ್ತಾರೆ. ಎರಡೂ ಕಥೆ ನಿಜವೇ ಇರಬಹುದು. ಆದರೆ ಆ ಇಬ್ಬರು ಬರೆದ ಪರೀಕ್ಷೆ ಯಾವುದು, ಅಂಕ ಕಳೆದುಕೊಂಡದ್ದು ಎಲ್ಲಿ ಎಂಬುದು ಗೊತ್ತಿಲ್ಲದೆ ಅವರ ಕಥೆ ಹಿಡಿದು ನಿಮ್ಮ ಮಗುವಿನ ವರ್ಷವನ್ನು ತೀರ್ಮಾನಿಸಲು ಬರುವುದಿಲ್ಲ.

ಮೊದಲು ನೋಡಬೇಕಾದದ್ದು ಇಷ್ಟು: ಸೀಟು ಕೊಡುವ ಲೆಕ್ಕದಲ್ಲಿ ಯಾವ ಭಾಗ ಮುಗಿದುಹೋಗಿದೆ, ಯಾವ ಭಾಗ ಇನ್ನೂ ನಿಮ್ಮ ಕೈಯಲ್ಲಿದೆ? ನೀಟ್‌ಗೆ ಒಂದು ಉತ್ತರ, ಸಿಇಟಿಗೆ ಇನ್ನೊಂದು, ಐಐಟಿ, ಎನ್‌ಐಟಿಗಳ ಜೆಇಇಗೆ ಮತ್ತೊಂದು. ಪ್ರಬಂಧ, ಸಂದರ್ಶನ, ಪೋರ್ಟ್‌ಫೋಲಿಯೊ ನೋಡಿ ಸೇರಿಸಿಕೊಳ್ಳುವ ವಿಶ್ವವಿದ್ಯಾಲಯಗಳ ಮಾತೇ ಬೇರೆ. ಇವನ್ನೆಲ್ಲ ಒಂದೇ ‘ಡ್ರಾಪ್’ ಎಂದು ಕರೆಯುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ನೀಟ್: ಎಲ್ಲವೂ ಇನ್ನೂ ತೆರೆದಿದೆ

ನೀಟ್ ರ‍್ಯಾಂಕಿಗೆ ಪಿಯು ಅಂಕ ಸೇರುವುದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಟ್ಟು ಶೇ. 50 (ಮೀಸಲಾತಿ ವರ್ಗದವರಿಗೆ ಶೇ. 40) ಇದ್ದರೆ ಅರ್ಹತೆ ಮುಗಿಯಿತು. ಎಷ್ಟು ಸಲ ಬರೆಯಬಹುದು ಎನ್ನುವುದಕ್ಕೆ ಮಿತಿ ಇಲ್ಲ. ಗರಿಷ್ಠ ವಯಸ್ಸಿನ ಷರತ್ತನ್ನು 2022ರಲ್ಲಿ ತೆಗೆದುಹಾಕಿದ್ದಾರೆ. ಮೊದಲ ಸಲ ಬರೆದವರು, ಎರಡನೇ ಸಲ ಬರೆದವರು ಎಂಬ ಭೇದವೂ ರ‍್ಯಾಂಕ್ ಪಟ್ಟಿಯಲ್ಲಿಲ್ಲ. ಹಾಗಾಗಿ ಡ್ರಾಪ್ ವರ್ಷದಿಂದ ಹೆಚ್ಚು ಫಲ ಸಿಗುವ ಸಾಧ್ಯತೆ ಇರುವುದು ಇಲ್ಲಿಯೇ. ಸಾಧ್ಯತೆ ಇದೆ ಎಂದ ಮಾತ್ರಕ್ಕೆ ಎಲ್ಲರಿಗೂ ಸಿಗುತ್ತದೆ ಎಂದಲ್ಲ. ಅದನ್ನು ತಿಳಿಯಲು ಕಳೆದ ಸಲದ ಉತ್ತರಪತ್ರಿಕೆಯನ್ನು ಬಿಡಿಸಿ ನೋಡಬೇಕು.

ಈಗಿನ ಪತ್ರಿಕೆಯಲ್ಲಿ 180 ಪ್ರಶ್ನೆ, 180 ನಿಮಿಷ, 720 ಅಂಕ. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ. ಒಬ್ಬ ಹುಡುಗಿ 165 ಪ್ರಶ್ನೆಗೆ ಉತ್ತರಿಸಿ, 125 ಸರಿ, 40 ತಪ್ಪು ಮಾಡಿದ್ದಾಳೆ ಎನ್ನೋಣ. 500ರಲ್ಲಿ 40 ಹೋಗಿ 460. ಆ 40 ತಪ್ಪುಗಳಲ್ಲಿ 15ನ್ನು ಸರಿ ಮಾಡಿಕೊಂಡರೆ ಒಂದೊಂದಕ್ಕೂ 5 ಅಂಕದ ಲಾಭ: ಬರಬೇಕಾದ 4 ಬಂತು, ಹೋಗುತ್ತಿದ್ದ 1 ಉಳಿಯಿತು. ಅವಳ ಅಂಕ 535ಕ್ಕೆ ಏರುತ್ತದೆ. ಇನ್ನೊಬ್ಬಳಿಗೆ 110 ಸರಿ, 10 ತಪ್ಪು, 60 ಪ್ರಶ್ನೆ ಖಾಲಿ. ಅಂಕ 430. ಮೇಲ್ನೋಟಕ್ಕೆ ಇಬ್ಬರಿಗೂ 30 ಅಂಕದ ವ್ಯತ್ಯಾಸ ಅಷ್ಟೆ. ಆದರೆ ಮೊದಲನೆಯವಳಿಗೆ ಓದಿದ್ದು ಅರೆಬರೆಯಾಗಿದೆ, ಎರಡನೆಯವಳಿಗೆ ಪಾಠಗಳೇ ಬಿಟ್ಟುಹೋಗಿವೆ. ಮೊದಲನೆಯವಳಿಗೆ ದಿನವೂ ಪ್ರಶ್ನೆ ಬಿಡಿಸುವ, ವಾರಕ್ಕೊಂದು ಮಾಕ್ ಟೆಸ್ಟ್ ಬರೆಯುವ ವರ್ಷ ಬೇಕು. ಎರಡನೆಯವಳು ಫಸ್ಟ್ ಪಿಯು ಪುಸ್ತಕದಿಂದಲೇ ಮತ್ತೆ ಶುರು ಮಾಡಬೇಕು. ಇಬ್ಬರನ್ನೂ ಒಂದೇ ಲಾಂಗ್ ಟರ್ಮ್ (ವರ್ಷಪೂರ್ತಿ ಕೋಚಿಂಗ್) ಬ್ಯಾಚಿಗೆ ಹಾಕಿದರೆ ಒಬ್ಬರಿಗಂತೂ ದುಡ್ಡು ದಂಡ.

ಯಲ್ಲಾಪುರ ಕಡೆಯ ಒಬ್ಬ ರಿಪೀಟರ್ ಹುಡುಗಿಯ ನೋಟ್‌ಬುಕ್ ನನಗೆ ನೆನಪಿದೆ. ಪ್ರತಿ ಮಾಕ್ ಟೆಸ್ಟ್ ಆದ ಮೇಲೆ ತಪ್ಪಾದ ಪ್ರಶ್ನೆಯ ನಂಬರ್ ಬರೆದು ಅದರ ಮುಂದೆ ಮೂರರಲ್ಲಿ ಒಂದು ಗುರುತು ಹಾಕುತ್ತಿದ್ದಳು: ಗೊತ್ತಿರಲಿಲ್ಲ, ಗೊತ್ತಿದ್ದೂ ತಪ್ಪಿದೆ, ಸಮಯ ಸಾಲಲಿಲ್ಲ. ‘ಗೊತ್ತಿದ್ದೂ ತಪ್ಪಿದೆ’ ಎಂಬಲ್ಲಿ ಯಾಕೆ ಎನ್ನುವುದನ್ನೂ ಒಂದು ಸಾಲು ಬರೆಯುತ್ತಿದ್ದಳು. ‘ಯಾವುದು ಸರಿಯಲ್ಲ ಅಂತ ಕೇಳಿದ್ದು, ಸರಿಯಾದದ್ದಕ್ಕೆ ಗುರುತು ಹಾಕಿದೆ.’ ‘ಸೆಂಟಿಮೀಟರ್ ಮೀಟರ್‌ಗೆ ಬದಲಿಸಿಲ್ಲ.’ ಪುಟ ತಿರುಗಿಸುತ್ತ ಹೋದರೆ ಅವಳ ತೊಂದರೆ ಜೀವಶಾಸ್ತ್ರದಲ್ಲಿ ಇಲ್ಲ, ಭೌತಶಾಸ್ತ್ರದ ಲೆಕ್ಕದ ಎರಡು ಮೂರು ಅಧ್ಯಾಯಗಳಲ್ಲಿದೆ ಎನ್ನುವುದು ಯಾರಿಗಾದರೂ ಕಾಣುತ್ತಿತ್ತು. ಡ್ರಾಪ್ ತೆಗೆದುಕೊಳ್ಳುವ ಮೊದಲೇ, ಬರೆದು ಮುಗಿಸಿದ ಪರೀಕ್ಷೆಯ ಮೇಲೆ ಈ ಕೆಲಸ ಒಮ್ಮೆ ಮಾಡಿನೋಡಿ. ಆ ಎರಡು ಗಂಟೆಯಲ್ಲಿ ತಿಳಿಯುವುದು ಯಾವ ಕೋಚಿಂಗ್ ಸೆಂಟರಿನ ಜಾಹೀರಾತಿನಲ್ಲೂ ಸಿಗುವುದಿಲ್ಲ.

ಗುರಿ ಇಡುವಾಗ ಅಂಕ ನೋಡಬೇಡಿ, ರ‍್ಯಾಂಕ್ ನೋಡಿ. 2024ರ ಮೊದಲ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720 ಬಂದಿತ್ತು. 2025ರಲ್ಲಿ ಪತ್ರಿಕೆ ಕಠಿಣವಾಗಿ ಇಡೀ ದೇಶಕ್ಕೆ ಮೊದಲು ಬಂದವರ ಅಂಕವೇ 686. ಒಂದೇ ಅಂಕಕ್ಕೆ 2024ರಲ್ಲಿ ಸಿಕ್ಕ ರ‍್ಯಾಂಕಿಗೂ 2025ರದ್ದಕ್ಕೂ ಅಜಗಜಾಂತರ. ‘ಹೋದ ವರ್ಷ ಇಷ್ಟಕ್ಕೆ ಸೀಟು ಸಿಕ್ಕಿತ್ತು, ನನಗೆ ಇನ್ನು ಐವತ್ತು ಸಾಕು’ ಎಂಬ ಲೆಕ್ಕ ಇಲ್ಲಿ ಕೈಕೊಡುತ್ತದೆ. ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಕ್ರಿಮ್ಸ್‌ನಲ್ಲಿ 150 ಎಂಬಿಬಿಎಸ್ ಸೀಟುಗಳಿವೆ. ಎಲ್ಲ ಸರ್ಕಾರಿ ವೈದ್ಯಕೀಯ ಕಾಲೇಜುಗಳಂತೆ ಇಲ್ಲಿಯೂ ನೂರಕ್ಕೆ 15 ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ, ಉಳಿದವು ರಾಜ್ಯದವರಿಗೆ. ನಿಮ್ಮ ವರ್ಗದಲ್ಲಿ ಕೊನೆಯ ಸೀಟು ಯಾವ ರ‍್ಯಾಂಕಿಗೆ ನಿಂತಿತು ಎನ್ನುವುದು ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಪ್ರಕಟಿಸುವ ಕಟಾಫ್ ಪಟ್ಟಿಯಲ್ಲಿ ಸಿಗುತ್ತದೆ. ಅದಕ್ಕೂ ನಿಮ್ಮ ರ‍್ಯಾಂಕಿಗೂ ಎಷ್ಟು ದೂರ ಎಂದು ನೋಡಿದ ಮೇಲೆ ಮಾತಾಡೋಣ.

ಸಿಇಟಿ: ಅರ್ಧ ಬಾಗಿಲು ಮುಚ್ಚಿದೆ

ಎಂಜಿನಿಯರಿಂಗ್ ಸಿಇಟಿಯಲ್ಲಿ ಬಹಳ ಜನ ಎಡವುವುದು ಇಲ್ಲಿ. ರ‍್ಯಾಂಕಿಗೆ ಅರ್ಧ ತೂಕ ಪಿಯುವಿನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳದ್ದು, ಇನ್ನರ್ಧ ಸಿಇಟಿಯದ್ದು. ವರ್ಷವಿಡೀ ಕೂತು ಸಿಇಟಿಗೆ ಓದಿದರೂ ಪಿಯುವಿನ ಅರ್ಧ ಅಲ್ಲಾಡುವುದಿಲ್ಲ.

ಉದಾಹರಣೆಗೆ, ಪಿಯುವಿನಲ್ಲಿ 300ಕ್ಕೆ 270 ತೆಗೆದವನ ಖಾತೆಯಲ್ಲಿ 50ಕ್ಕೆ 45 ಭದ್ರವಾಗಿದೆ. ಸಿಇಟಿಯಲ್ಲಿ 180ಕ್ಕೆ 60 ಮಾತ್ರ ಬಂದಿದ್ದರೆ ಅಲ್ಲಿ 16.7, ಒಟ್ಟು 61.7. ಮರುವರ್ಷ ಸಿಇಟಿಯಲ್ಲಿ 120 ತಂದರೆ ಮೊತ್ತ 78.3. ಇವನು ಕೂರುವುದಕ್ಕೆ ಅರ್ಥವಿದೆ. ಈಗ ಪಿಯುವಿನಲ್ಲಿ 195, ಸಿಇಟಿಯಲ್ಲಿ 100 ತೆಗೆದವನನ್ನು ನೋಡಿ. 32.5ಕ್ಕೆ 27.8 ಸೇರಿ 60.3. ಹೆಚ್ಚು ಕಡಿಮೆ ಅದೇ ಜಾಗ. ಆದರೆ ಪಿಯುವಿನಲ್ಲಿ ಹೋದ 17.5 ಸಿಇಟಿ ಓದಿನಿಂದ ಮರಳಿ ಬರುವುದಿಲ್ಲ. ಸಿಇಟಿಯಲ್ಲಿ ಕಷ್ಟಪಟ್ಟು 150 ತಂದರೂ ಅವನು 74.2ರಲ್ಲಿ ನಿಲ್ಲುತ್ತಾನೆ, ಮೊದಲನೆಯವನು 120ಕ್ಕೇ ದಾಟಿಹೋದ ಜಾಗಕ್ಕಿಂತ ಕೆಳಗೆ.

ಎರಡನೆಯವನಿಗೆ ಹತ್ತಿರದ ದಾರಿ ಬೇರೆಯೇ ಇದೆ. 2024ರಿಂದ ರಾಜ್ಯದಲ್ಲಿ ಪಿಯು ಪರೀಕ್ಷೆ-1 ಆದ ಮೇಲೆ ಪರೀಕ್ಷೆ-2 ಎಂದು ಇನ್ನೊಂದು ಅವಕಾಶವಿದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಎರಡರಲ್ಲಿ ಹೆಚ್ಚಿದ್ದದ್ದೇ ಉಳಿಯುತ್ತದೆ. ಪರೀಕ್ಷೆ-2ರಲ್ಲಿ ಗಣಿತವೊಂದರಲ್ಲೇ 12 ಅಂಕ ಹೆಚ್ಚಾದರೆ ರ‍್ಯಾಂಕಿನ ಲೆಕ್ಕಕ್ಕೆ 2 ಅಂಕ ಸೇರುತ್ತದೆ. ಅದೇ 2 ಅಂಕಕ್ಕೆ ಸಿಇಟಿಯಲ್ಲಿ ಏಳಕ್ಕಿಂತ ಹೆಚ್ಚು ಪ್ರಶ್ನೆ ಹೆಚ್ಚುವರಿಯಾಗಿ ಸರಿಯಾಗಬೇಕು. ಒಂದು ವರ್ಷ ಕೊಡುವ ಮೊದಲು ಏಪ್ರಿಲ್‌ನ ಎರಡು ವಾರ ಕೊಟ್ಟು ನೋಡುವುದು ಮೇಲಲ್ಲವೇ? ‘ಒಮ್ಮೆ ಪಾಸಾಗಿದೆಯಲ್ಲ, ಮತ್ತೆ ಯಾಕೆ’ ಎಂದು ಈ ಅವಕಾಶವನ್ನು ಬಿಟ್ಟುಬಿಡುವ ಮಕ್ಕಳನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಿಯಮ ನಡುವೆಯೇ ಬದಲಾಗುವ ಅಪಾಯವೂ ರಿಪೀಟರುಗಳಿಗೆ ಇರುತ್ತದೆ. ಕೋವಿಡ್ಡಿನಿಂದ 2021ರಲ್ಲಿ ಪಿಯು ಪರೀಕ್ಷೆಯೇ ನಡೆಯದೆ ಆ ವರ್ಷ ಸಿಇಟಿ ಅಂಕದ ಮೇಲಷ್ಟೇ ರ‍್ಯಾಂಕ್ ಕೊಟ್ಟರು. ಅದೇ ಬ್ಯಾಚಿನವರು 2022ರಲ್ಲಿ ಮತ್ತೆ ಬರೆದಾಗ ಅವರ ಪಿಯು ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವಿಷಯ ಹೈಕೋರ್ಟಿಗೆ ಹೋಗಿ, ಸೂತ್ರ ಬದಲಾಗಿ, ರ‍್ಯಾಂಕ್ ಪಟ್ಟಿಯೇ ಪರಿಷ್ಕರಣೆಯಾಯಿತು. ಮಕ್ಕಳು ತಿಂಗಳುಗಟ್ಟಲೆ ಕಾದರು. ಅಂಥದ್ದು ಪ್ರತಿ ವರ್ಷ ಆಗುವುದಿಲ್ಲ, ಆದರೂ ಪ್ರತಿ ವರ್ಷದ ಕೆಇಎ ಮಾಹಿತಿ ಪುಸ್ತಕವನ್ನು ಹೊಸದಾಗಿಯೇ ಓದಬೇಕು. ಸಮಾಧಾನದ ಸಂಗತಿಯೆಂದರೆ ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮ ಮೀಸಲು ಎರಡೂ ಒಂದರಿಂದ ಹತ್ತನೇ ತರಗತಿಯ ಓದಿನ ಮೇಲೆ ನಿಂತಿವೆ. ವರ್ಷ ನಿಂತರೆ ಅವು ಹೋಗುವುದಿಲ್ಲ.

ಜೆಇಇ ಮತ್ತು ಉಳಿದವು

ಜೆಇಇಯಲ್ಲಿ ಅವಕಾಶಗಳನ್ನು ಎಣಿಸಿ ಕೊಟ್ಟಿದ್ದಾರೆ. ಮೇನ್ ಪರೀಕ್ಷೆಯನ್ನು ಪಿಯು ಮುಗಿದ ವರ್ಷದಿಂದ ಸತತ ಮೂರು ವರ್ಷ ಬರೆಯಬಹುದು. ವರ್ಷಕ್ಕೆ ಎರಡು ಸೆಷನ್, ಜನವರಿ ಮತ್ತು ಏಪ್ರಿಲ್, ಒಳ್ಳೆಯ ಸ್ಕೋರೇ ಲೆಕ್ಕಕ್ಕೆ. ಐಐಟಿಗಳ ಅಡ್ವಾನ್ಸ್‌ಡ್ ಮಾತ್ರ ಸತತ ಎರಡು ವರ್ಷಗಳಲ್ಲಿ ಎರಡೇ ಸಲ. 2024ರ ನವೆಂಬರಿನಲ್ಲಿ ಮೂರು ಸಲ ಎಂದು ಪ್ರಕಟಿಸಿ, ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದರು. ಐಐಟಿ ಸೀಟನ್ನು ಒಮ್ಮೆ ಒಪ್ಪಿಕೊಂಡವರು ಮತ್ತೆ ಅಡ್ವಾನ್ಸ್‌ಡ್ ಬರೆಯಲು ಬರುವುದಿಲ್ಲ. ನಮ್ಮ ಕರಾವಳಿಯ ಕೆಳಗಿರುವ ಸುರತ್ಕಲ್‌ನ ಎನ್‌ಐಟಿಕೆ ಮೇನ್ ರ‍್ಯಾಂಕಿನ ಮೇಲೆಯೇ ಸೀಟು ಕೊಡುತ್ತದೆ, ಅರ್ಧ ಸೀಟು ಕರ್ನಾಟಕದವರಿಗೇ. ಆದರೆ ಪಿಯುವಿನಲ್ಲಿ ಶೇ. 75 ಅಥವಾ ಬೋರ್ಡಿನ ಮೇಲಿನ ಶೇ. 20ರೊಳಗೆ ಇರಬೇಕು (ಎಸ್‌ಸಿ, ಎಸ್‌ಟಿಗೆ ಶೇ. 65). ಈ ಅರ್ಹತೆಯೇ ಇಲ್ಲದೆ ಎನ್‌ಐಟಿ ಕನಸಿಟ್ಟುಕೊಂಡು ಕೂರಬಾರದು. ಇನ್ನೊಂದು ಮಾತು: ಜೂನ್ ಕೊನೆಗೆ ಓದು ಶುರು ಮಾಡಿದವರಿಗೆ ಜನವರಿಯ ಸೆಷನ್ನಿಗೆ ಏಳು ತಿಂಗಳೂ ಉಳಿದಿರುವುದಿಲ್ಲ. ವರ್ಷ ಎಂದು ಬಾಯಲ್ಲಿ ಹೇಳುತ್ತೇವೆ, ಇರುವುದು ಅಷ್ಟೇ.

ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿಗೂ, ಕಾನೂನು ಓದುವವರ ಕ್ಲ್ಯಾಟ್‌ಗೂ ಗರಿಷ್ಠ ವಯಸ್ಸಿನ ಅಡ್ಡಿ ಇಲ್ಲ. ಸಿಯುಇಟಿಯನ್ನು ಕನ್ನಡದಲ್ಲೂ ಬರೆಯಬಹುದು. ಸೇನಾಧಿಕಾರಿಗಳ ತರಬೇತಿಗೆ ಸೇರಿಸುವ ಎನ್‌ಡಿಎ ಹಾಗಲ್ಲ. ಕಾರವಾರದಲ್ಲಿ ನೌಕಾನೆಲೆ ನೋಡುತ್ತ ಬೆಳೆದ ಮಕ್ಕಳಿಗೆ ಅದರ ಆಸೆ ಸಹಜ. ಅಲ್ಲಿ ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗೆ ಎಲ್ಲ ಮುಗಿಯಬೇಕು, ಹಾಗಾಗಿ ಸುಮ್ಮನೆ ಕೂತ ಪ್ರತಿ ವರ್ಷಕ್ಕೂ ಎರಡು ಅವಕಾಶ ಕೈತಪ್ಪುತ್ತದೆ.

ಅಂಕಕ್ಕಿಂತ ಕೆಲಸ ನೋಡುವ ಕಡೆ

ಪ್ರಬಂಧ, ಸಂದರ್ಶನ, ಶಿಕ್ಷಕರ ಪತ್ರ ನೋಡಿ ಸೇರಿಸಿಕೊಳ್ಳುವ ವಿಶ್ವವಿದ್ಯಾಲಯಗಳು ನಮ್ಮಲ್ಲೂ ಇವೆ, ವಿದೇಶದಲ್ಲೂ ಇವೆ. ಇಲ್ಲಿ ವರ್ಷ ನಿಂತದ್ದು ಕೊರತೆಯಲ್ಲ, ಆ ವರ್ಷದಲ್ಲಿ ಏನು ಮಾಡಿದಿರಿ ಎಂಬುದಕ್ಕೆ ಉತ್ತರ ಇರಬೇಕು ಅಷ್ಟೆ. ಅಮೆರಿಕದ ಬಹಳಷ್ಟು ಕಾಲೇಜುಗಳು ಬಳಸುವ ಪ್ರವೇಶ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಚಟುವಟಿಕೆಗಳಿಗೆ ಹತ್ತೇ ಜಾಗ, ಒಂದೊಂದರ ವಿವರಣೆಗೆ 150 ಅಕ್ಷರ. ಮುಖ್ಯ ಪ್ರಬಂಧಕ್ಕೆ ಹೆಚ್ಚೆಂದರೆ 650 ಪದ. ಇಷ್ಟು ಚಿಕ್ಕ ಜಾಗದಲ್ಲಿ ಹತ್ತು ಸರ್ಟಿಫಿಕೇಟ್ ತುಂಬುವುದಕ್ಕಿಂತ ತಿಂಗಳುಗಟ್ಟಲೆ ಹಿಡಿದು ಮಾಡಿದ ಒಂದು ಕೆಲಸ ಎದ್ದು ಕಾಣುತ್ತದೆ.

ಇಂಥ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಿಲ್ಲ ಎನ್ನುವುದನ್ನು ನಾನು ಒತ್ತಿ ಹೇಳುತ್ತೇನೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು. ಅಲ್ಲಿ ಇಳಿತದ ಹೊತ್ತಿಗೆ ಬೆಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರಿದ್ದಾರೆ, ಉಪ್ಪುನೀರು ತಡೆಯುವ ಕಗ್ಗ ಭತ್ತದ ಗಜನಿ ಗದ್ದೆಗಳಿವೆ. ಕುಮಟಾದ ಒಬ್ಬ ವಿದ್ಯಾರ್ಥಿ ಜೂನ್‌ನಿಂದ ಡಿಸೆಂಬರ್‌ವರೆಗೆ ಒಂದೇ ಗಜನಿಯ ನಾಲ್ಕು ಜಾಗಗಳಲ್ಲಿ ವಾರಕ್ಕೊಮ್ಮೆ ನೀರಿನ ಉಪ್ಪಿನಂಶ ಅಳೆದು, ತಾರೀಕು, ಉಬ್ಬರವೋ ಇಳಿತವೋ, ಆ ವಾರದ ಮಳೆ, ಪೈರಿನ ಎತ್ತರ ಬರೆದಿಟ್ಟ ಎಂದುಕೊಳ್ಳಿ. ಉಪ್ಪಿನಂಶ ಅಳೆಯುವ ಪುಟ್ಟ ಮೀಟರ್ ಒಂದು, ಒಂದು ಹಾಳೆಯ ಪಟ್ಟಿ, ಕಟ್ಟೆ ಯಾವಾಗ ಒಡೆಯಿತು ಎಂದು ಹೇಳಬಲ್ಲ ಊರ ಹಿರಿಯರು. ಇಷ್ಟರಿಂದಲೇ ಸಂದರ್ಶನದಲ್ಲಿ ಯಾರು ಏನು ಕೇಳಿದರೂ ತಾನು ಕಣ್ಣಾರೆ ಕಂಡದ್ದನ್ನು ಹೇಳಬಲ್ಲ ವಿದ್ಯಾರ್ಥಿ ತಯಾರಾಗುತ್ತಾನೆ. ಶಿರಸಿಯವರಿಗೆ ಅಡಿಕೆ ಕೊಳೆರೋಗವಿದೆ, ಅಪ್ಪೆಮಿಡಿ ಮಾವಿನ ತಳಿಗಳಿವೆ. ಯಕ್ಷಗಾನದ ಮನೆತನದ ಮಗಳಿಗೆ ಅಜ್ಜನ ಬಾಯಿಯ ಪದಗಳಿವೆ. ದುಡ್ಡು ಕೊಟ್ಟು ಪಡೆದ ಹದಿನೈದು ದಿನದ ‘ಇಂಟರ್ನ್‌ಶಿಪ್’ಗಿಂತ ಇದು ಹೆಚ್ಚು ನಿಲ್ಲುತ್ತದೆ, ಯಾಕೆಂದರೆ ಕೇಳುವವರು ಎರಡನೇ ಪ್ರಶ್ನೆಯನ್ನೂ ಕೇಳುತ್ತಾರೆ.

ಈ ದಾರಿ ಹಿಡಿಯುವವರು ಶಿಕ್ಷಕರ ಪತ್ರದ ವಿಷಯವನ್ನು ಕಾಲೇಜು ಬಿಡುವ ಮೊದಲೇ ಮಾತಾಡಿಕೊಳ್ಳಬೇಕು. ನಿಮ್ಮನ್ನು ಬಲ್ಲ ಲೆಕ್ಚರರ್ ವರ್ಗವಾಗಿ ಹೋದ ಮೇಲೆ ಹುಡುಕುವುದು ಕಷ್ಟ. ಅರ್ಜಿಯ ಕಾಲವೂ ನಮ್ಮದಲ್ಲ. ಅಮೆರಿಕದ ಅರ್ಜಿಗಳು ನವೆಂಬರ್ ಮೊದಲಿನಿಂದ ಜನವರಿ ಮೊದಲೊಳಗೆ ಮುಗಿಯುತ್ತವೆ. ಬ್ರಿಟನ್ನಿನ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗೆ ಅಕ್ಟೋಬರ್ ಮಧ್ಯವೇ ಗಡುವು.

ವರ್ಷ ಕಳೆಯುವುದು ಎಲ್ಲಿ, ಹೇಗೆ

ಕೋಚಿಂಗಿಗೆಂದು ಮಂಗಳೂರು, ಮೂಡಬಿದಿರೆ, ಧಾರವಾಡಕ್ಕೆ ಹೋಗುವವರೇ ಹೆಚ್ಚು. ಹಾಸ್ಟೆಲ್ ಸೇರಿ ಲಕ್ಷ ದಾಟುವ ಖರ್ಚು. ಅದರ ಕಂತು ಬೀಳುವುದು ಜೂನ್‌ನಲ್ಲಿ. ಕರಾವಳಿಯ ಮೀನುಗಾರರ ಮನೆಗೆ ಅದೇ ಹೊತ್ತಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ನಿಷೇಧ, 61 ದಿನ ಸಂಪಾದನೆ ಇಲ್ಲ. ಘಟ್ಟದ ಮೇಲೆ ಅಡಿಕೆಯ ದುಡ್ಡು ಕೈಗೆ ಬರುವುದು ಕೊನೆಕೊಯ್ಲು (ಅಡಿಕೆ ಗೊನೆ ಇಳಿಸುವುದು) ಮುಗಿದ ಮೇಲೆ. ಹಾಗಾಗಿ ಸಾಲ ಮಾಡಿ ಕಳಿಸುವ ಮನೆಗಳೇ ಜಾಸ್ತಿ, ಆ ಸಾಲದ ಭಾರ ವರ್ಷಪೂರ್ತಿ ಮಗುವಿನ ತಲೆ ಮೇಲೂ ಕೂರುತ್ತದೆ. ಕಂತುಗಳನ್ನು ನಿಮ್ಮ ಆದಾಯದ ತಿಂಗಳುಗಳಿಗೆ ಹೊಂದಿಸಿ ಕೊಡಿ ಎಂದು ಸಂಕೋಚವಿಲ್ಲದೆ ಕೇಳಿ. ನಡುವೆ ಬಿಟ್ಟರೆ ಎಷ್ಟು ಹಣ ವಾಪಸ್ ಎನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ.

ಮನೆಯಲ್ಲೇ ಕೂತು ಆನ್‌ಲೈನ್ ಓದುತ್ತೇನೆ ಎನ್ನುವವರಿಗೆ ಮಳೆಗಾಲವೇ ಮೊದಲ ಪರೀಕ್ಷೆ. ಜುಲೈಯಲ್ಲಿ ಜೋಯಿಡಾ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ, ಅದರ ಹಿಂದೆಯೇ ನೆಟ್‌ವರ್ಕ್ ಹೋಗುತ್ತದೆ. ವಿಡಿಯೊಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಮಳೆಯ ಮೂರು ತಿಂಗಳನ್ನು ಪುಸ್ತಕ ಹಿಡಿದು ಓದುವ ಪಾಠಗಳಿಗೆ ಇಡಿ. ನವೆಂಬರ್ ಬಂತೆಂದರೆ ಕೊನೆಕೊಯ್ಲು, ಅಡಿಕೆ ಸುಲಿತ. ಮನೆಯಲ್ಲಿ ಕೂತ ಹುಡುಗ ಎಂದರೆ ಬಿಡುವಾಗಿರುವ ಹುಡುಗ ಎಂದು ಎಲ್ಲರೂ ಕರೆಯುತ್ತಾರೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯೂ ಪರೀಕ್ಷೆಗೆ ಸ್ವಲ್ಪ ಮೊದಲೇ ಬೀಳುತ್ತದೆ, ಮನೆ ತುಂಬ ನೆಂಟರು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮನೆಯಿಂದ ಹೊರಗೆ ಕೂರಲು ಒಂದು ಜಾಗ ಮಾಡಿಕೊಂಡವರ ವರ್ಷ ಉಳಿಯುತ್ತದೆ. ತಾಲ್ಲೂಕಿನ ಗ್ರಂಥಾಲಯವಾಗಲಿ, ಪಂಚಾಯಿತಿಯ ಅರಿವು ಕೇಂದ್ರವಾಗಲಿ, ಕುರ್ಚಿ ಮೇಜು ಇದ್ದರೆ ಸಾಕು.

ಹೆಣ್ಣುಮಕ್ಕಳ ವಿಷಯ ಹೇಳದೆ ಮುಂದೆ ಹೋಗಲಾರೆ. ಅದೇ ಅಂಕ ತೆಗೆದ ಅಣ್ಣನಿಗೆ ಸಿಕ್ಕ ವರ್ಷ ತಂಗಿಗೆ ಸಿಗುವುದಿಲ್ಲ. ‘ಅವಳಿಗೆ ಬಿಎಸ್ಸಿ ಸಾಕು, ಇಲ್ಲೇ ಕಾಲೇಜಿದೆ’ ಎನ್ನುತ್ತಾರೆ. ಅಂಕಪಟ್ಟಿ ಮುಂದಿಟ್ಟು ನೋಡುವುದಾದರೆ ಇಬ್ಬರಿಗೂ ಒಂದೇ ಲೆಕ್ಕ ಹಾಕಿ. ಈ ಅನ್ಯಾಯ ಎಷ್ಟು ಸಹಜವಾಗಿ ನಡೆಯುತ್ತದೆಂದರೆ ಮನೆಯವರಿಗೆ ಅದು ಕಾಣುವುದೇ ಇಲ್ಲ.

ಪೂರ್ತಿ ನಿಲ್ಲದೆ, ಊರಿನ ಕಾಲೇಜಿಗೆ ಸೇರಿಕೊಂಡು ಮತ್ತೆ ಬರೆಯುವವರೂ ಇದ್ದಾರೆ. ಶಿರಸಿಯ ಅರಣ್ಯ ಕಾಲೇಜಿನಲ್ಲಿ ಸಿಇಟಿ ಮೂಲಕ ಸೀಟು ಸಿಕ್ಕಿ, ಮನಸ್ಸು ನೀಟ್ ಕಡೆ ಇರುವವರ ಪೇಚಾಟ ಇದೇ. ವೃತ್ತಿಪರ ಕೋರ್ಸಿನ ಹಾಜರಾತಿ, ಪ್ರಾಕ್ಟಿಕಲ್ ನಡುವೆ ನೀಟ್ ಓದು ನಡೆಯುವುದು ಬಹಳ ಕಷ್ಟ, ಬಿಡುವಾಗ ಶುಲ್ಕವೂ ಮೂಲ ದಾಖಲೆಗಳೂ ಸಿಕ್ಕಿಹಾಕಿಕೊಳ್ಳುತ್ತವೆ. ಬೇಕಾದ ರ‍್ಯಾಂಕಿಗೆ ಸ್ವಲ್ಪವೇ ದೂರ ಇದ್ದು, ಭೌತಶಾಸ್ತ್ರದಂಥ ಒಂದು ವಿಷಯ ಮಾತ್ರ ಸರಿಹೋಗಬೇಕಿದ್ದರೆ ಬಿಎಸ್ಸಿಯ ಜೊತೆ ಬರೆಯಬಹುದು. ದೂರ ಹೆಚ್ಚಿದ್ದರೆ ನಿಲ್ಲಿ, ಇಲ್ಲವೇ ಸೇರಿದ ಕೋರ್ಸನ್ನೇ ಮನಸಾರೆ ಓದಿ. ಎರಡು ವರ್ಷಕ್ಕಿಂತ ಹೆಚ್ಚು ನಿಲ್ಲುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಓದು ಮುಗಿದ ಮೇಲೆ ಕ್ಯಾಂಪಸ್ ನೇಮಕಾತಿಗೆ ಬರುವ ಕೆಲವು ಕಂಪನಿಗಳು ಓದಿನ ನಡುವಿನ ಗ್ಯಾಪ್ ಒಂದು ವರ್ಷಕ್ಕಿಂತ ಹೆಚ್ಚಿರಬಾರದು ಎಂಬ ಷರತ್ತು ಹಾಕುತ್ತವೆ, ಅದೂ ಲೆಕ್ಕದಲ್ಲಿರಲಿ.

ಕಾಗದ ಪತ್ರ

ನಿಲ್ಲುವುದು ಗಟ್ಟಿಯಾದ ಮೇಲೆ ಕಾಲೇಜಿನಿಂದ ಟಿಸಿ, ವ್ಯಾಸಂಗ ಪ್ರಮಾಣಪತ್ರ, ನಡತೆ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ. ಮರುವರ್ಷ ಸೇರುವಾಗ ಹಲವು ಕಾಲೇಜುಗಳು ಗ್ಯಾಪ್ ಸರ್ಟಿಫಿಕೇಟ್ ಕೇಳುತ್ತವೆ. ಅದೇನೂ ದೊಡ್ಡದಲ್ಲ, ಈ ಅವಧಿಯಲ್ಲಿ ಬೇರೆಲ್ಲೂ ಸೇರಿರಲಿಲ್ಲ ಎಂದು ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿದ ಪ್ರಮಾಣಪತ್ರ. ರಾಜ್ಯದ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ ಇರುವುದರಿಂದ ಹಳೆಯದೇ ನಡೆಯಬಹುದು, ತಾರೀಕು ನೋಡಿಕೊಳ್ಳಿ. ಕೇಂದ್ರದ ಸಂಸ್ಥೆಗಳಿಗೆ ಹಾಗಲ್ಲ. ಜೆಇಇಗೆ ಕೊಡುವ ಒಬಿಸಿ ಕೆನೆಪದರವಲ್ಲದ ಪ್ರಮಾಣಪತ್ರ ಮತ್ತು ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಪ್ರಮಾಣಪತ್ರ ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟದ್ದೇ ಆಗಬೇಕು. ಹೋದ ವರ್ಷದ್ದನ್ನು ಇಟ್ಟುಕೊಂಡು ಕೌನ್ಸೆಲಿಂಗ್‌ಗೆ ಹೋದವರು ಅಲ್ಲಿ ಸಾಮಾನ್ಯ ವರ್ಗಕ್ಕೆ ಸೇರಿಹೋಗುತ್ತಾರೆ. ಐದು ಎಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿ ಜಮೀನಿದ್ದ ಕುಟುಂಬಕ್ಕೆ ಇಡಬ್ಲ್ಯುಎಸ್ ಸಿಗುವುದಿಲ್ಲ, ಆದ್ದರಿಂದ ತೋಟದ ಮನೆಯವರು ಪಹಣಿಯನ್ನು ಮೊದಲೇ ನೋಡಿಕೊಂಡು ನಾಡಕಚೇರಿಗೆ ಹೋಗಿ. ಏಪ್ರಿಲ್ ಮೊದಲ ವಾರದಲ್ಲೇ ಅರ್ಜಿ ಹಾಕಿದರೆ ಮೇ ತಿಂಗಳ ನೂಕುನುಗ್ಗಲಿಗೆ ಮೊದಲು ಕೈಗೆ ಬರುತ್ತದೆ.